ಗಡುವು ಮೀರಿದ ಮೇಲ್ಮನವಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಲ್ಲಿ ಒಂದು ಗಾದೆ ಇದೆಯಷ್ಟೆ. ಗಾದೆ ಕಟ್ಟಿದವರು ಇಬ್ಬರನ್ನು ಮಾತ್ರ ಎಣಿಸಿದರು, ಮೂರನೆಯವನೊಬ್ಬನನ್ನು ಮರೆತರು. ಅವನು ಗೆಲ್ಲಲೂ ಇಲ್ಲ, ನಿಜವಾಗಿ ಸೋಲಲೂ ಇಲ್ಲ. ತನ್ನ ಮಾತನ್ನು ಮೇಲಿನ ನ್ಯಾಯಾಲಯ ಕೇಳುವ ಮೊದಲೇ, ತಡವಾಗಿ ಬಂದೆ ಎಂಬ ಒಂದೇ ಕಾರಣಕ್ಕೆ ಬಾಗಿಲಿನಿಂದ ಹಿಂದಿರುಗಿದವನು ಅವನು. ಸಿವಿಲ್ ಮೊಕದ್ದಮೆಗಳ ಚರಿತ್ರೆಯಲ್ಲಿ ಇಂಥವರ ಸಂಖ್ಯೆ ಕಡಮೆಯದಲ್ಲ. ಅವರ ವಾದ ಸರಿಯಿತ್ತೋ ತಪ್ಪಿತ್ತೋ ಯಾರಿಗೂ ತಿಳಿಯದು. ತಿಳಿಯುವ ಸಂದರ್ಭವೇ ಬರಲಿಲ್ಲ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಮೊದಲು ನನ್ನನ್ನು ಇತ್ತ ಎಳೆದದ್ದು ಪದಗಳೇ. ಗಡುವು ಎಂಬುದು ನಮ್ಮ ಹಳೆಯ ಮಾತು. 'ಗಡು' ಎಂದರೆ ಗೊತ್ತುಮಾಡಿದ ಅವಧಿ, ಎಲ್ಲೆ. ಅದರ ಪಕ್ಕದಲ್ಲಿ ಕಚೇರಿಯ ಮಾತಾಗಿ ಬಂದು ನಿಂತದ್ದು 'ವಾಯಿದೆ'. ಇದು ಅರಬ್ಬಿಯಿಂದ ಫಾರಸಿಯ ಮೂಲಕ ನಮಗೆ ಬಂದ ಶಬ್ದ. ಮೂಲದಲ್ಲಿ ಅದರ ಅರ್ಥ ಮಾತು ಕೊಡುವುದು, ವಚನ. ಒಂದು ಪದ ಎಲ್ಲೆಯನ್ನು ಹೇಳುತ್ತದೆ, ಇನ್ನೊಂದು ವಚನವನ್ನು ಹೇಳುತ್ತದೆ. ಕಾನೂನಿನ ಗಡುವಿನಲ್ಲಿ ಈ ಎರಡು ಅರ್ಥಗಳೂ ಸೇರಿಕೊಂಡಿವೆ. ಇಷ್ಟು ದಿನದೊಳಗೆ ಬಾ ಎಂಬುದು ಸೋತವನಿಗೆ ಹಾಕಿದ ಎಲ್ಲೆ. ಇಷ್ಟು ದಿನ ಕಳೆದ ಮೇಲೆ ನಿನ್ನನ್ನು ಯಾರೂ ಕೆಣಕುವುದಿಲ್ಲ ಎಂಬುದು ಗೆದ್ದವನಿಗೆ ಕೊಟ್ಟ ವಚನ.

ಪದಗಳಿಂದ ಮನುಷ್ಯರ ಕಡೆಗೆ ನನ್ನನ್ನು ತಿರುಗಿಸಿದವರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಹಳ್ಳಿಯ ಕಡೆಯವರಿಗೆ ಕಾಲೇಜಿನ ಮೇಷ್ಟ್ರೆಂದರೆ ಎಲ್ಲ ಕಾಗದಗಳನ್ನೂ ಓದಬಲ್ಲವನು ಎಂಬ ನಂಬಿಕೆ. ಆತ ಬಟ್ಟೆಯ ಚೀಲದಿಂದ ತೆಗೆದುಕೊಟ್ಟದ್ದು ಒಂದು ಡಿಕ್ರಿಯ ನಕಲು. ಇಂಗ್ಲಿಷಿನಲ್ಲಿತ್ತು. ಅಣ್ಣತಮ್ಮಂದಿರೊಳಗಿನ ಹೊಲದ ವ್ಯಾಜ್ಯ. ತೀರ್ಪಾಗಿ ಒಂಬತ್ತು ತಿಂಗಳು ಕಳೆದಿತ್ತು. ಅಪೀಲಿಗೆಂದು ದುಡ್ಡು ಕೊಟ್ಟದ್ದೂ ಆಗಿತ್ತು; ದುಡ್ಡು ಕೊಟ್ಟ ಮೇಲೆ ಅಪೀಲು ತಾನಾಗಿ ನಡೆಯುತ್ತಿದೆ ಎಂದೇ ಆತ ತಿಳಿದಿದ್ದರು. ಅಪೀಲು ಹಾಕಿಯೇ ಇರಲಿಲ್ಲ. ಮೂವತ್ತು ದಿನದ ಲೆಕ್ಕವನ್ನು ನಾನು ವಿವರಿಸಿದಾಗ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೀರ್ಪು ತಪ್ಪಾಗಿದ್ರೂ ತಾರೀಕು ಕಳೆದ್ರೆ ಅದು ಸರಿಯಾಗಿಬಿಡ್ತದಾ ಸಾರ್?" ಎಂದು ಕೇಳಿದರು. ಒಬ್ಬ ವಕೀಲರ ಹೆಸರು ಹೇಳಿ ಕಳುಹಿಸಿಕೊಟ್ಟೆ. ಆದರೆ ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ದಾರಿ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ದೂರದ ಇಂಗ್ಲೆಂಡಿಗಲ್ಲ, ನಮ್ಮ ಕಲ್ಯಾಣಕ್ಕೆ.

ಈಗ ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣವೆಂದು ಕರೆಸಿಕೊಳ್ಳುವ ಆ ಊರು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿತ್ತು. ಅವನು ಪಟ್ಟಕ್ಕೆ ಬಂದದ್ದು 1076ರಲ್ಲಿ. ಅವನ ಕಾಲದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ. ಕೊನೆಯಲ್ಲಿ ಕಲ್ಯಾಣದಂಥ ನಗರವಿಲ್ಲ, ವಿಕ್ರಮನಂಥ ದೊರೆಯಿಲ್ಲ ಎಂದು ಹೊಗಳಿದ. ಅದರ ದಾಯಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ, ಬ್ರಿಟಿಷರ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿಯನ್ನು ಹಂಚಿದ್ದು ಬಹುಮಟ್ಟಿಗೆ ಈ ಗ್ರಂಥದ ಆಧಾರದ ಮೇಲೆ. ಆಸ್ತಿ ಹಂಚಿಕೆಯ ಮಾತು ಬಂದಾಗಲೆಲ್ಲ ಮಿತಾಕ್ಷರದ ಹೆಸರು ಬರುತ್ತದೆ. ಕಾಲದ ವಿಷಯದಲ್ಲಿ ಅದು ಏನು ಹೇಳಿತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಯಾಜ್ಞವಲ್ಕ್ಯನ ಮಾತು ಹೀಗೆ: ಒಡೆಯನು ನೋಡುತ್ತಿದ್ದೂ ಮಾತನಾಡದೆ ಇದ್ದು, ಅವನ ಭೂಮಿಯನ್ನು ಇನ್ನೊಬ್ಬ ಅನುಭವಿಸುತ್ತ ಬಂದರೆ 20 ವರ್ಷಕ್ಕೆ ಹಾನಿ, ಇತರ ಸೊತ್ತಿಗಾದರೆ 10 ವರ್ಷಕ್ಕೆ. ಹಾನಿ ಯಾವುದಕ್ಕೆ ಎಂಬುದನ್ನು ವಿಜ್ಞಾನೇಶ್ವರ ಬಹಳ ಹೊತ್ತು ಚರ್ಚಿಸುತ್ತಾನೆ. ಸುಮ್ಮನೆ ಕಾಲ ಕಳೆಯಿತೆಂದ ಮಾತ್ರಕ್ಕೆ ಒಡೆತನ ಹೋಗುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಹೋಗುವುದು ಅಷ್ಟು ವರ್ಷದ ಫಲ, ಬೆಳೆ. ನೆಲವಲ್ಲ ಎಂದು ಅವನು ಅರ್ಥ ಮಾಡಿದ. ಆ ವಿದ್ಯಾರ್ಥಿಯ ತಂದೆ ಕೇಳಿದ ಪ್ರಶ್ನೆಯನ್ನೇ ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಒಬ್ಬನು ಕೇಳಿಕೊಂಡಿದ್ದ ಎನ್ನಬಹುದು.

ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಮುಂದಿನ ಶ್ಲೋಕ. ಗಡುವು ಯಾರಿಗೆ ತಗಲುವುದಿಲ್ಲ ಎಂಬ ಪಟ್ಟಿ ಅಲ್ಲಿದೆ. ಅಡವು, ಗಡಿ, ನಂಬಿ ಇಟ್ಟ ನಿಧಿ ಇವುಗಳ ಜೊತೆಗೆ ಬುದ್ಧಿಮಾಂದ್ಯರ, ಮಕ್ಕಳ, ರಾಜನ, ಸ್ತ್ರೀಯರ, ಶ್ರೋತ್ರಿಯರ ಸೊತ್ತಿಗೆ ಆ ಲೆಕ್ಕವಿಲ್ಲ. ವಿಜ್ಞಾನೇಶ್ವರ ಒಬ್ಬೊಬ್ಬರಿಗೂ ಕಾರಣ ಕೊಡುತ್ತಾನೆ. ಮಕ್ಕಳಿಗೆ ತಿಳಿವು ಸಾಲದು. ಸ್ತ್ರೀಯರಿಗೆ ವ್ಯವಹಾರದ ಅರಿವಿಲ್ಲ, ಸಭೆಯಲ್ಲಿ ನಿಂತು ಮಾತನಾಡುವ ದಿಟ್ಟತನವಿಲ್ಲ. ಶ್ರೋತ್ರಿಯನು ಅಧ್ಯಯನ ಅಧ್ಯಾಪನಗಳಲ್ಲಿ ಮುಳುಗಿರುತ್ತಾನೆ. ರಾಜನಾದರೋ ಬಹುಕಾರ್ಯಗಳಲ್ಲಿ ಸಿಕ್ಕಿಕೊಂಡಿರುತ್ತಾನೆ. ಸ್ತ್ರೀಯರನ್ನು ಕುರಿತ ಮಾತು ಆ ಕಾಲದ್ದು, ಅದನ್ನು ಇಂದು ಯಾರೂ ಒಪ್ಪುವಂತಿಲ್ಲ. ಆದರೆ ವಿಚಾರದ ಬಗೆಯನ್ನು ನೋಡಬೇಕು. ಸುಮ್ಮನಿದ್ದವನನ್ನು ಶಿಕ್ಷಿಸುವ ಮೊದಲು, ಅವನು ಏಕೆ ಸುಮ್ಮನಿದ್ದ ಎಂದು ಕೇಳಬೇಕು ಎಂಬುದು ಆ ಬಗೆ. ರಾಜನಿಗೆ ಕೊಟ್ಟ ಕಾರಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಮೇಲ್ಮನವಿಯೂ ಆ ಕಾಲಕ್ಕೆ ತಿಳಿಯದ್ದಲ್ಲ. ಕುಲ, ಶ್ರೇಣಿ, ಪೂಗ, ರಾಜನು ನೇಮಿಸಿದ ಅಧಿಕಾರಿ, ಹೀಗೆ ಒಂದಕ್ಕಿಂತ ಒಂದು ಮೇಲಾದ ಸಭೆಗಳ ಏಣಿ ಇತ್ತು. ಕುಲದ ತೀರ್ಮಾನ ಒಪ್ಪದವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಹೀಗೆ ಮೇಲಕ್ಕೆ ಹೋಗಬಹುದಿತ್ತು. ಮೇಲಿನವರ ತೀರ್ಮಾನವನ್ನು ಕೆಳಗಿನವರ ಮುಂದೆ ತರುವಂತಿರಲಿಲ್ಲ. ತಪ್ಪಾಗಿ ತೀರ್ಮಾನವಾದ ವ್ಯವಹಾರವನ್ನು ರಾಜನು ಮತ್ತೆ ನೋಡಬೇಕು, ತಪ್ಪು ಕಂಡುಬಂದರೆ ಗೆದ್ದವನಿಗೂ ತೀರ್ಪು ಕೊಟ್ಟ ಸಭ್ಯರಿಗೂ ವಿವಾದದ ಮೊತ್ತದ ಎರಡು ಪಟ್ಟು ದಂಡ ಹಾಕಬೇಕು ಎಂಬ ವಿಧಿಯಿದೆ. ನ್ಯಾಯವಾಗಿಯೇ ಸೋತು, ನಾನು ಸೋತಿಲ್ಲ ಎಂದು ಮತ್ತೆ ಬಂದವನಿಗೂ ಮತ್ತೆ ಸೋತರೆ ಇಮ್ಮಡಿ ದಂಡ. ಆದರೆ ಇಷ್ಟು ದಿನದೊಳಗೆ ಬರಬೇಕು ಎಂಬ ಮಾತು ಆ ಶ್ಲೋಕಗಳಲ್ಲಿ ಇಲ್ಲ. ಸುಮ್ಮನೆ ಮೇಲಕ್ಕೆ ಹೋಗುವವರನ್ನು ಆ ಕಾಲ ತಡೆದದ್ದು ದಂಡದ ಭಯದಿಂದ. ನಮ್ಮ ಕಾಲ ತಡೆಯುವುದು ತಾರೀಕಿನಿಂದ.

ತಾರೀಕು ಬಂದದ್ದು ಇಂಗ್ಲಿಷರ ಜೊತೆಗೆ. ಅವರ ದೇಶದಲ್ಲಿ ದಾವೆಗಳಿಗೆ ಕಾಲಮಿತಿಯನ್ನು ಕಟ್ಟಿದ ಹೆಸರಾಂತ ಶಾಸನ ಮೊದಲನೆಯ ಜೇಮ್ಸ್ ದೊರೆಯ ಕಾಲದ್ದು, 1623ರದು. ಭಾರತದಲ್ಲಿ 1859ರ ಕಾಯಿದೆ ದಾವೆಗಳಿಗೆ ಕಾಲಮಿತಿ ಹಾಕಿತು. 1871ರ ಕಾಯಿದೆಯ ಅನುಬಂಧದಲ್ಲಿ ದಾವೆ, ಅಪೀಲು, ಅರ್ಜಿ ಎಂದು ಮೂರು ಭಾಗಗಳಾದವು. ಆಮೇಲೆ 1877ರದು, 1908ರದು. ಕೊನೆಗೆ ಸ್ವತಂತ್ರ ಭಾರತದ ಸಂಸತ್ತು ಮಾಡಿದ 1963ರ ಕಾಯಿದೆ. ಇದು 1964ರ ಜನವರಿ 1ರಂದು ಜಾರಿಗೆ ಬಂದು ಈಗಲೂ ನಡೆಯುತ್ತಿದೆ. ಇದರ ಪ್ರಕಾರ ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಹೋಗಲು 90 ದಿನ, ಬೇರೆ ನ್ಯಾಯಾಲಯಕ್ಕೆ 30 ದಿನ. 1908ರ ಕಾಯಿದೆಯಲ್ಲಿಯೂ ಇದೇ 90, ಇದೇ 30. ಎತ್ತಿನ ಗಾಡಿ ಹೋಗಿ ಬಸ್ಸು ಬಂತು, ಅಂಚೆ ಹೋಗಿ ದೂರವಾಣಿ ಬಂತು. ದಿನಗಳ ಸಂಖ್ಯೆ ಅಲ್ಲಾಡಲಿಲ್ಲ.

ಕಾಲಮಿತಿಯೇ ಅನ್ಯಾಯವೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಡಿಕ್ರಿ ಪಡೆದವನ ಮನೆಯನ್ನೂ ನಾವು ಹೊಕ್ಕು ನೋಡಬೇಕು. ಹತ್ತು ವರ್ಷ ಅಲೆದು ಅವನು ಒಂದು ತೀರ್ಪು ಪಡೆದಿದ್ದಾನೆ. ಆ ಹೊಲಕ್ಕೆ ಬಾವಿ ತೋಡಬೇಕು, ಸಾಲ ತೆಗೆಯಬೇಕು, ಮಗಳ ಮದುವೆಗೆ ಅದನ್ನು ಮಾರಬೇಕು. ಎದುರಾಳಿ ಯಾವಾಗ ಬೇಕಾದರೂ ಬಂದು ಮೊಕದ್ದಮೆಯನ್ನು ಎಬ್ಬಿಸಬಹುದೆಂದರೆ ಅವನ ತೀರ್ಪಿಗೆ ಬೆಲೆಯೇನು? ವ್ಯಾಜ್ಯಗಳಿಗೆ ಒಂದು ಕೊನೆ ಇರುವುದು ನಾಡಿಗೆ ಒಳಿತು ಎಂಬುದು ರೋಮನರ ಕಾಲದಿಂದ ಬಂದ ನ್ಯಾಯದ ಮಾತು. ಅದರಲ್ಲಿ ಸತ್ಯವಿದೆ.

ಕಾಯಿದೆ ಈ ಮಾತನ್ನು ಬಹಳ ಬಿಗಿಯಾಗಿ ಹಿಡಿದುಕೊಂಡಿದೆ. ಗಡುವು ಮೀರಿದ ಅಪೀಲನ್ನು ಎದುರಾಳಿ ತಕರಾರು ಮಾಡದಿದ್ದರೂ ನ್ಯಾಯಾಲಯ ತಾನಾಗಿಯೇ ವಜಾ ಮಾಡಬೇಕೆಂದು ಅದರ 3ನೆಯ ಕಲಮು ಹೇಳುತ್ತದೆ. ಆದರೆ ದಿನ ಎಣಿಸುವ ರೀತಿಯಲ್ಲಿ ಸ್ವಲ್ಪ ದಯೆಯಿದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹಿಂದೆ ಮುನ್ಸೀಫ್ ಕೋರ್ಟು ಎನ್ನುತ್ತಿದ್ದ ಕೆಳಗಿನ ಸಿವಿಲ್ ನ್ಯಾಯಾಲಯದಲ್ಲಿ ಜೂನ್ 1ರಂದು ತೀರ್ಪಾಯಿತೆನ್ನಿ. ತೀರ್ಪಿನ ದಿನ ಲೆಕ್ಕಕ್ಕಿಲ್ಲ. ಎಣಿಕೆ ಜೂನ್ 2ರಿಂದ. ಮೂವತ್ತನೆಯ ದಿನ ಜುಲೈ 1. ಸೋತವನು ಜೂನ್ 21ರಂದು ನಕಲಿಗೆ ಅರ್ಜಿ ಕೊಟ್ಟ. ನಕಲು ಸಿದ್ಧವಾದದ್ದು ಜುಲೈ 15ಕ್ಕೆ. ಈ 25 ದಿನಗಳನ್ನು ಕಳೆಯಬೇಕು. ಆದ್ದರಿಂದ ಕೊನೆಯ ದಿನ ಜುಲೈ 26. ಅಂದು ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು.

ಈ ಲೆಕ್ಕದಲ್ಲಿ ಎರಡು ಹಳ್ಳಗಳಿವೆ. ನಕಲಿಗೆ ಅರ್ಜಿಯನ್ನೇ ಜುಲೈ 1ರೊಳಗೆ ಕೊಡದವನಿಗೆ ಈ ಕಳೆಯುವ ಲೆಕ್ಕದಿಂದ ಏನೂ ಪ್ರಯೋಜನವಿಲ್ಲ. ನಕಲು ಸಿದ್ಧವಾದ ಮೇಲೆ ಅದನ್ನು ತರಲು ಹೋಗದೆ ಕಳೆದ ದಿನಗಳೂ ಅವನ ತಲೆಯ ಮೇಲೆಯೇ. ವಕೀಲರ ಗುಮಾಸ್ತರಿಗೆ ಇದು ಬಾಯಿಪಾಠ. ಸುಗ್ಗಿಯ ಕೆಲಸದ ನಡುವೆ, ತಾಲ್ಲೂಕಿಗೆ ಒಂದು ದಿನದ ಕೂಲಿ ಕಳೆದುಕೊಂಡು ಬರಬೇಕಾದ ಕಕ್ಷಿಗಾರನಿಗೆ ಇದನ್ನು ಹೇಳುವವರಾರು?

ಹಳ್ಳಕ್ಕೆ ಬಿದ್ದವನಿಗೆಂದು ಕಾಯಿದೆ ಒಂದು ಚಿಕ್ಕ ಬಾಗಿಲನ್ನು ಇಟ್ಟಿದೆ. ಅದೇ 5ನೆಯ ಕಲಮು. ಗಡುವಿನೊಳಗೆ ಬಾರದಿರಲು ಸಾಕಷ್ಟು ಕಾರಣವಿತ್ತೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ತಡವಾದ ಅಪೀಲನ್ನೂ ಸ್ವೀಕರಿಸಬಹುದು. ಸಾಕಷ್ಟು ಕಾರಣವೆಂದರೆ ಏನು? ಕಾಯಿದೆ ಹೇಳುವುದಿಲ್ಲ. ಬೇಕೆಂದೇ ಹೇಳದೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ. ಒಂದೂಕಾಲು ಶತಮಾನಕ್ಕೂ ಹೆಚ್ಚಿನ ನ್ಯಾಯಾಲಯಗಳ ಚರಿತ್ರೆಯನ್ನು ಈ ಎರಡು ಪದಗಳ ಚರಿತ್ರೆಯಾಗಿಯೂ ಓದಬಹುದು.

1890ರ ಮದ್ರಾಸು ವರದಿಗಳಲ್ಲಿ ಸೇರಿರುವ ಕೃಷ್ಣ ಮತ್ತು ಚಾತಪ್ಪನ್ ಇವರ ನಡುವಣ ಮೊಕದ್ದಮೆ ಈ ದಾರಿಯಲ್ಲಿ ಒಂದು ಮೈಲಿಗಲ್ಲು. ನಮ್ಮ ಮಂಗಳೂರಿನವರೂ ಆಗ ಮದ್ರಾಸು ಹೈಕೋರ್ಟಿನ ಅಧೀನದಲ್ಲಿದ್ದರು. ಅಪೀಲುದಾರನಲ್ಲಿ ಅಲಕ್ಷ್ಯವಾಗಲಿ, ಸುಮ್ಮನೆ ಕುಳಿತ ದೋಷವಾಗಲಿ, ಕಪಟವಾಗಲಿ ಕಾಣದಿದ್ದರೆ, ನಿಜವಾದ ನ್ಯಾಯ ಮುಂದೆ ಸಾಗುವಂತೆ ಆ ಪದಗಳಿಗೆ ಉದಾರವಾಗಿ ಅರ್ಥ ಮಾಡಬೇಕು ಎಂದು ಅಲ್ಲಿ ಹೇಳಲಾಯಿತು. ಮುಂದಿನ ತೀರ್ಪುಗಳು ಈ ಮಾತನ್ನು ಮತ್ತೆ ಮತ್ತೆ ಎತ್ತಿಕೊಂಡವು. ಎತ್ತಿಕೊಂಡರೂ ಕೆಲವು ನ್ಯಾಯಾಲಯಗಳ ಕೈ ಬಿಗಿಯಾಗಿಯೇ ಇತ್ತು.

ಆ ಬಿಗಿ ಎಷ್ಟಿತ್ತೆಂಬುದಕ್ಕೆ ರೀವಾ ಕಲ್ಲಿದ್ದಲು ಕಂಪನಿಯ ಮೊಕದ್ದಮೆಯನ್ನು ನೋಡಬಹುದು. ವರ್ತಕ ಪಾಲುದಾರರ ಅಪೀಲಿಗೆ ಕೊನೆಯ ದಿನ 1955ರ ಫೆಬ್ರವರಿ 16. ಆ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಪಾಲುದಾರ ಅಂದೇ ಕಾಯಿಲೆ ಬಿದ್ದ. ಅಪೀಲು ಮರುದಿನ ಸಲ್ಲಿಕೆಯಾಯಿತು. ತಡವಾದದ್ದು ಒಂದೇ ದಿನ. ಕಾಯಿಲೆಯೇನೋ ನಿಜ, ಆದರೆ ಅದಕ್ಕೆ ಮೊದಲು ಕೈಯಲ್ಲಿದ್ದ ಅಷ್ಟೂ ದಿನ ಏನು ಮಾಡುತ್ತಿದ್ದೆ ಎಂದು ಕೇಳಿ ಅಪೀಲನ್ನು ತಳ್ಳಿಹಾಕಿದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂದು 1961ರಲ್ಲಿ ತೀರ್ಮಾನವಾಯಿತು. ತೀರ್ಪು ಬರೆದವರು ಗಜೇಂದ್ರಗಡಕರರು. ತಮ್ಮ ಮನೆತನದ ಹೆಸರಿನಲ್ಲಿ ನಮ್ಮ ಗಜೇಂದ್ರಗಡವನ್ನು ಹೊತ್ತವರು, ಮುಂದೆ 1964ರಲ್ಲಿ ಮುಖ್ಯ ನ್ಯಾಯಾಧೀಶರಾದವರು. ಕಾಯಿದೆ ಕೊಟ್ಟ ದಿನಗಳೆಲ್ಲ ಕಕ್ಷಿಗಾರನವು, ಕೊನೆಯ ದಿನದವರೆಗೆ ಕಾಯಲು ಅವನಿಗೆ ಹಕ್ಕಿದೆ. ಕೊನೆಯ ದಿನದಿಂದ ಸಲ್ಲಿಸಿದ ದಿನದವರೆಗಿನ ಕಾಲಕ್ಕೆ ಮಾತ್ರ ಅವನು ಸಮಾಧಾನ ಹೇಳಬೇಕು ಎಂದು ಅವರು ವಿವರಿಸಿದರು. ಒಂದು ದಿನದ ತಡವನ್ನು ಮನ್ನಾ ಮಾಡಿಸಿಕೊಳ್ಳಲು ಆರು ವರ್ಷ ಹಿಡಿಯಿತೆಂಬುದನ್ನೂ ಗಮನಿಸಬೇಕು.

ಮೀರಿದ ಪ್ರತಿಯೊಂದು ದಿನಕ್ಕೂ ವಿವರಣೆ ಕೊಡಬೇಕು ಎಂಬ ಸೂತ್ರವನ್ನು ಕೆಲವರು ಅಕ್ಷರಶಃ ಹಿಡಿದರು. 1987ರಲ್ಲಿ ಅನಂತನಾಗಿನ ಭೂಸ್ವಾಧೀನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಪರಿಹಾಸ್ಯ ಮಾಡಿತು. ಹಾಗಾದರೆ ಪ್ರತಿ ಗಂಟೆಗೆ, ಪ್ರತಿ ಸೆಕೆಂಡಿಗೆ ಏಕೆ ವಿವರಣೆ ಕೇಳಬಾರದು ಎಂದು ಅದು ಪ್ರಶ್ನಿಸಿತು. ಬೇಕೆಂದು ತಡಮಾಡಿ ಕಕ್ಷಿಗಾರನಿಗೆ ಬರುವ ಲಾಭವೇನು? ಹಾಗೆ ಮಾಡಿದರೆ ಅಪಾಯ ಅವನಿಗೇ. 1998ರಲ್ಲಿ ಬಾಲಕೃಷ್ಣನ್ ಎಂಬವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ 883 ದಿನಗಳ ತಡವನ್ನು ಮನ್ನಿಸಿತು. ಅದು ಅಪೀಲಲ್ಲ, ಗೈರುಹಾಜರಿಯಲ್ಲಿ ಆದ ಡಿಕ್ರಿಯನ್ನು ರದ್ದುಮಾಡಬೇಕೆಂಬ ಅರ್ಜಿ. ಆದರೆ ಕಲಮು ಒಂದೇ. ದಿನಗಳ ಉದ್ದ ಮುಖ್ಯವಲ್ಲ, ಕಾರಣ ನಂಬುವಂತಿದೆಯೇ ಎಂಬುದು ಮುಖ್ಯ ಎಂದು ನ್ಯಾಯಮೂರ್ತಿ ಥಾಮಸರು ಹೇಳಿದರು. ವಕೀಲನನ್ನು ನಂಬಿ ಕುಳಿತ ಹಳ್ಳಿಗ ವಕೀಲನ ತಪ್ಪಿಗೆ ತಲೆ ಕೊಡಬೇಕಾಗಿಲ್ಲ ಎಂಬ ಮಾತನ್ನೂ ಸುಪ್ರೀಂ ಕೋರ್ಟು 1981ರಲ್ಲಿಯೇ ಹೇಳಿತ್ತು. ಆ ಪ್ರಕರಣದಲ್ಲಿ ವಕೀಲರು ಅಪೀಲಿನ ವಿಚಾರಣೆಯ ದಿನ ಹಾಜರಾಗಿರಲಿಲ್ಲ.

ಹೀಗೆ ಬಾಗಿಲು ಮೆಲ್ಲಮೆಲ್ಲನೆ ಅಗಲವಾಯಿತು. ಸಂತೋಷ. ಆದರೆ ಚರಿತ್ರೆಯನ್ನು ಓದುವಾಗ ಬಾಗಿಲು ಎಷ್ಟು ಅಗಲವಾಯಿತೆಂದು ಮಾತ್ರ ನೋಡಿದರೆ ಸಾಲದು. ಅದರೊಳಗೆ ಹೊಕ್ಕವರು ಯಾರೆಂದೂ ನೋಡಬೇಕು. ಅನಂತನಾಗಿನ ಮೊಕದ್ದಮೆಯಲ್ಲಿ ತಡಮಾಡಿ ಬಂದು ನಿಂತವರು ಯಾರು? ನೆಲ ಕಳೆದುಕೊಂಡವರಲ್ಲ, ನೆಲವನ್ನು ಪಡೆದುಕೊಂಡ ಸರ್ಕಾರ. ಸುಮಾರು 14 ಲಕ್ಷ ರೂಪಾಯಿಗಳಷ್ಟು ಹೆಚ್ಚಿನ ಪರಿಹಾರ ಕೊಡಬೇಕಾಗಿ ಬಂದುದರ ವಿರುದ್ಧ ಅದರ ಅಪೀಲು ನಾಲ್ಕು ದಿನ ತಡವಾಗಿತ್ತು. ಸರ್ಕಾರಕ್ಕೆ ಮಲತಾಯಿಯ ಧೋರಣೆ ತೋರಬಾರದು. ಅದು ಯಾರೊಬ್ಬರ ಸ್ವಂತದ ಕೆಲಸವೂ ಅಲ್ಲದ ಯಂತ್ರ, ಟಿಪ್ಪಣಿ ಬರೆಯುವುದು, ಕಡತ ತಳ್ಳುವುದು, ಹೊಣೆ ದಾಟಿಸುವುದು ಅದರ ಹುಟ್ಟುಗುಣ. ಅದರ ತಡವನ್ನು ಒಪ್ಪುವುದು ಕಷ್ಟವಾದರೂ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ ಎಂಬ ಅರ್ಥದ ಮಾತುಗಳು ಆ ತೀರ್ಪಿನಲ್ಲಿವೆ.

ವಾಚಕರು ನೆನಪಿನಲ್ಲಿಟ್ಟುಕೊಂಡ ಕಾರಣ ಇಲ್ಲಿ ಮತ್ತೆ ಬಂತು. ರಾಜನು ಬಹುಕಾರ್ಯಗಳಲ್ಲಿ ಸಿಕ್ಕಿಕೊಂಡವನು! ವಿಜ್ಞಾನೇಶ್ವರನ ರಾಜ ಹೋಗಿ ಕಾರ್ಯದರ್ಶಿಗಳ ಕಚೇರಿ ಬಂದಿದೆ. ಕಾರಣ ಮಾತ್ರ ಅದೇ. ಹಳೆಯ ಪಟ್ಟಿಯನ್ನು ಇಂದಿನ ಕಾಯಿದೆಯ ಪಕ್ಕದಲ್ಲಿ ಇಟ್ಟರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಮಕ್ಕಳಿಗೂ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೂ ಇರುವ ರಿಯಾಯಿತಿ 6ನೆಯ ಕಲಮಿನಲ್ಲಿದೆ. ಆದರೆ ಅದು ದಾವೆಗೆ ಮತ್ತು ಡಿಕ್ರಿಯ ಜಾರಿಯ ಅರ್ಜಿಗೆ ಮಾತ್ರ, ಅಪೀಲಿಗಿಲ್ಲ. ಸರ್ಕಾರಕ್ಕಾದರೆ ದಾವೆ ಹೂಡಲು 1908ರ ಕಾಯಿದೆ 60 ವರ್ಷ ಕೊಟ್ಟಿತ್ತು. 1963ರದು ಅದನ್ನು 30ಕ್ಕೆ ಇಳಿಸಿತು. ನೆಲದ ಸ್ವಾಧೀನಕ್ಕೆ ದಾವೆ ಹೂಡುವ ನಮ್ಮನಿಮ್ಮಂಥವರಿಗೆ 12 ವರ್ಷ. ಅಪೀಲಿನ ಗಡುವಿನಲ್ಲಿ ಈ ಭೇದವಿಲ್ಲ. ಅಲ್ಲಿ ಸರ್ಕಾರವೂ ರೈತನೂ ಒಂದೇ 30ಕ್ಕೆ, ಒಂದೇ 90ಕ್ಕೆ ಕಟ್ಟುಬಿದ್ದವರು. ಆದ್ದರಿಂದಲೇ ಸರ್ಕಾರ ಆ ಚಿಕ್ಕ ಬಾಗಿಲನ್ನು ಅಷ್ಟು ಸಲ ತಟ್ಟುತ್ತದೆ.

ಕೊನೆಗೆ ನ್ಯಾಯಾಲಯಕ್ಕೂ ಸಾಕಾಯಿತು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದು, ಕಡತ ಮೇಜಿನಿಂದ ಮೇಜಿಗೆ ಹೋದ ಕಥೆ ಹೇಳಿದಾಗ ಸುಪ್ರೀಂ ಕೋರ್ಟು ಬಾಗಿಲು ತೆರೆಯಲಿಲ್ಲ. ಹೊಸ ಉಪಕರಣಗಳೆಲ್ಲ ಕೈಯಲ್ಲಿರುವ ಕಾಲದಲ್ಲಿ ಯಂತ್ರದ ನೆಪ ನಡೆಯದು, ಕಾನೂನು ಎಲ್ಲರ ಮೇಲೂ ಒಂದೇ ನೆರಳು ಬೀರುತ್ತದೆ, ಕೆಲವರ ಹಿತಕ್ಕೆಂದು ಅದನ್ನು ಬಾಗಿಸಲಾಗದು ಎಂಬುದು ಅದರ ಅಭಿಪ್ರಾಯ. ಕಾಗದ ಹಂಚುವ ಇಲಾಖೆಯೇ ತನ್ನ ಕಾಗದವನ್ನು ಹೊತ್ತಿಗೆ ಮುಟ್ಟಿಸದೆ ಹೋದದ್ದು ವಿಧಿಯ ವಿನೋದವೆನ್ನಬೇಕು.

ಒಮ್ಮೆ ಮಾತ್ರ ಕಾಲ ಎಲ್ಲರಿಗೂ ಒಟ್ಟಾಗಿ ನಿಂತಿತು. ಕೊರೋನಾ ವ್ಯಾಧಿಯ ದಿನಗಳಲ್ಲಿ, 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ತಾನಾಗಿ ಮುಂದೆ ಬಂದು ಗಡುವುಗಳನ್ನು ತಡೆಹಿಡಿಯಿತು. 2022ರ ಜನವರಿಯ ಆದೇಶದಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕದಿಂದ ಬಿಡಬೇಕೆಂದಿತು. ಎರಡು ವರ್ಷಕ್ಕೆ ಹದಿನಾಲ್ಕೇ ದಿನ ಕಡಮೆ! ಯಾರೂ ತಮ್ಮ ಕಾರಣವನ್ನು ಒಬ್ಬೊಬ್ಬರಾಗಿ ಹೇಳಿಕೊಳ್ಳಬೇಕಾಗಲಿಲ್ಲ. ದಾರಿ ಮುಚ್ಚಿದೆ, ಬರಲಾಗದು ಎಂಬುದು ನ್ಯಾಯಾಧೀಶರಿಗೂ ಸ್ವಂತ ಅನುಭವದಿಂದಲೇ ತಿಳಿದಿತ್ತು. ದಾರಿ ಎಂದೂ ತೆರೆದಿಲ್ಲದವರು ನಮ್ಮಲ್ಲಿ ಇದ್ದಾರೆಂಬುದನ್ನು ಆ ಎರಡು ವರ್ಷ ಎಲ್ಲರಿಗೂ ಕಲಿಸಿರಬೇಕು ಎಂದು ನನ್ನ ಆಸೆ.

ದಾರಿ ಎಂದೆ. ಕನ್ನಡಿಗರ ಮಟ್ಟಿಗೆ ಅದು ಬರಿಯ ರೂಪಕವಲ್ಲ. ಮೈಸೂರು ಸಂಸ್ಥಾನದವರಿಗೆ 1884ರಿಂದ ಬೆಂಗಳೂರಿನಲ್ಲಿ ಚೀಫ್ ಕೋರ್ಟು ಇತ್ತು. 1930ರಲ್ಲಿ ಅದು ಹೈಕೋರ್ಟಾಯಿತು. ಆದರೆ ಧಾರವಾಡದವನು ಹೈಕೋರ್ಟನ್ನು ಕಾಣಲು ಮುಂಬಯಿಗೆ, ಮಂಗಳೂರಿನವನು ಮದ್ರಾಸಿಗೆ, ಕಲಬುರ್ಗಿಯವನು ಹೈದರಾಬಾದಿಗೆ ಹೋಗಬೇಕಿತ್ತು. ಅಲ್ಲಿ ವಕೀಲರ ಮಾತು ಬೇರೆ, ಬೀದಿಯ ಮಾತು ಬೇರೆ. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಹೈಕೋರ್ಟೂ ಒಂದಾಯಿತು. ಆದರೂ ಧಾರವಾಡದಿಂದ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು, ಕಲಬುರ್ಗಿಯಿಂದ 500ಕ್ಕೂ ಹೆಚ್ಚು. ಆ ಎರಡು ಊರುಗಳಲ್ಲಿ ಸಂಚಾರಿ ಪೀಠಗಳು ಬಂದದ್ದು 2008ರಲ್ಲಿ, ಅವು ಕಾಯಂ ಆದದ್ದು 2013ರಲ್ಲಿ. ಅಷ್ಟು ವರ್ಷಗಳ ಕಾಲ ವಿಧಾನಸೌಧದ ಎದುರಿನ ಆ ಕೆಂಪು ಕಟ್ಟಡದ ಹತ್ತಿರ ವಾಸಿಸುವವನಿಗೂ ಬೀದರದ ರೈತನಿಗೂ ಕೈಗೆ ಸಿಕ್ಕಿದ್ದು ಅದೇ 90 ದಿನ. ಪಂಚಾಂಗದಲ್ಲಿ ಅವು ಸಮ. ಬಾಳಿನಲ್ಲಿ ಸಮವೆಂದು ಯಾರು ಹೇಳಿಯಾರು?

ಊರಿನ ದೂರ ಕಡಮೆಯಾದರೂ ಭಾಷೆಯ ದೂರ ಉಳಿದುಕೊಂಡಿದೆ. ಕಕ್ಷಿಗಾರ ಸಾಕ್ಷಿ ಹೇಳುವುದು ಕನ್ನಡದಲ್ಲಿ. ಅವನ ಹೊಲ ಹೋಯಿತೆಂಬ ಸುದ್ದಿ ಎಷ್ಟೋ ಸಲ ಅವನಿಗೆ ಬರುವುದು ಇಂಗ್ಲಿಷಿನಲ್ಲಿ. ತೀರ್ಪು ಏನು ಹೇಳಿತೆಂಬುದನ್ನು ಇನ್ನೊಬ್ಬರಿಂದ ತಿಳಿದುಕೊಳ್ಳಬೇಕಾದವನಿಗೆ, ತೀರ್ಪಿನ ಮೇಲೆ ಏನು ಮಾಡಬೇಕು, ಎಷ್ಟು ದಿನದೊಳಗೆ ಮಾಡಬೇಕು ಎಂಬುದು ಇನ್ನೂ ದೂರದ ಮಾತು. ಅವನ ಕೈಯಲ್ಲಿರುವ ಮೂವತ್ತು ದಿನಗಳಲ್ಲಿ ಅರ್ಧ ತಿಳಿಯುವುದಕ್ಕೇ ಹೋಗುತ್ತವೆ. 5ನೆಯ ಕಲಮು ಅವನಿಗೂ ಇದೆ. ಆದರೆ 1976ರ ತಿದ್ದುಪಡಿಯ ಮೇಲೆ ತಡವಾದ ಅಪೀಲಿನ ಜೊತೆಗೆ ತಡದ ಕಾರಣದ ಅರ್ಜಿಯನ್ನೂ ಪ್ರಮಾಣಪತ್ರವನ್ನೂ ಕೊಡಬೇಕು. ಅಪೀಲನ್ನು ಕೇಳುವುದೆಂದು ತೀರ್ಮಾನವಾಗುವವರೆಗೆ ಡಿಕ್ರಿಯ ಜಾರಿಗೆ ತಡೆಯಾಜ್ಞೆ ದೊರೆಯದು. ಮನ್ನಣೆ ಸಿಗುವ ಹೊತ್ತಿಗೆ ಹೊಲದಲ್ಲಿ ಬೇರೆಯವರ ಬೆಳೆ ನಿಂತಿರಬಹುದು.

ಇಷ್ಟೆಲ್ಲ ಓದಿದ ಮೇಲೆ ನನಗೆ ತೋರುವುದಿಷ್ಟು. ಗಡುವು ಬೇಕು; ಗೆದ್ದವನಿಗೆ ಕೊಟ್ಟ ವಚನ ಅದು, ಮುರಿಯಬಾರದು. ಚಿಕ್ಕ ಬಾಗಿಲೂ ಬೇಕು. ಅದಿಲ್ಲದಿದ್ದರೆ ಜ್ವರ ಬಂದವನಿಗೂ ಮೋಸಹೋದವನಿಗೂ ನ್ಯಾಯವಿಲ್ಲ. ಆದರೆ ತಡವಾದ ಮೇಲೆ ಮನ್ನಿಸುವುದಕ್ಕಿಂತ ತಡವಾಗದಂತೆ ಮೊದಲೇ ತಿಳಿಸುವುದು ಎರಡೂ ಕಡೆಯವರಿಗೆ ಒಳ್ಳೆಯದು. ಇದಕ್ಕೆ ಹೊಸ ತತ್ತ್ವವೇನೂ ಬೇಕಾಗಿಲ್ಲ. ಅದೇ 1976ರ ತಿದ್ದುಪಡಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಆದೇಶಕ್ಕೆ 5ಎ ಎಂಬ ಒಂದು ಪುಟ್ಟ ನಿಯಮವನ್ನು ಸೇರಿಸಿತು. ಅಪೀಲಿಗೆ ಅವಕಾಶವಿರುವ ತೀರ್ಪನ್ನು ಹೇಳುವಾಗ, ಯಾವ ನ್ಯಾಯಾಲಯಕ್ಕೆ, ಎಷ್ಟು ದಿನದೊಳಗೆ ಅಪೀಲು ಎಂಬುದನ್ನು ಹಾಜರಿರುವ ಕಕ್ಷಿಗಾರರಿಗೆ ನ್ಯಾಯಾಧೀಶರೇ ತಿಳಿಸಿ, ತಿಳಿಸಿದ್ದನ್ನು ದಾಖಲೆಯಲ್ಲಿ ಬರೆಯಬೇಕು. ಒಂದು ವಿನಾಯಿತಿ ಇದೆ: ಎರಡೂ ಕಡೆಗೆ ವಕೀಲರಿದ್ದರೆ ಹೀಗೆ ತಿಳಿಸಬೇಕಾಗಿಲ್ಲ.

ವಕೀಲರಿದ್ದ ಮೇಲೆ ಕಕ್ಷಿಗಾರನಿಗೆ ತಿಳಿದೇ ಇರುತ್ತದೆ ಎಂಬ ನಂಬಿಕೆ ಆ ವಿನಾಯಿತಿಯ ಹಿಂದಿದೆ. ಬಟ್ಟೆಯ ಚೀಲ ಹಿಡಿದು ಬಂದ ಆ ರೈತರಿಗೂ ವಕೀಲರಿದ್ದರು. ಆ ಒಂದು ವಾಕ್ಯವನ್ನು ತೆಗೆದುಹಾಕಿ, ತೀರ್ಪಿನ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದರೆ ಸಾಕು: ಅಪೀಲು ಯಾವ ನ್ಯಾಯಾಲಯಕ್ಕೆ, ಎಷ್ಟು ದಿನ, ನಕಲಿಗೆ ಇಂದೇ ಅರ್ಜಿ ಕೊಡಿ, ಸಿದ್ಧವಾದ ದಿನವೇ ತೆಗೆದುಕೊಳ್ಳಿ. ಖರ್ಚೆಂದರೆ ಒಂದಿಷ್ಟು ಶಾಯಿ. ಆಮೇಲೂ ತಡಮಾಡಿದವನನ್ನು ನ್ಯಾಯಾಲಯ ಬಿಗಿಯಾಗಿಯೇ ಪ್ರಶ್ನಿಸಲಿ. ಆಗ ಆ ಪ್ರಶ್ನೆಗೆ ನ್ಯಾಯದ ಬಲವಿರುತ್ತದೆ.